ಕಲ್ಲುಹೊಲದ ಹೂವೂ ಖಾದರಸಾಬರ ಕುರಿಗಳೂ

ಇವತ್ತು ಬೆಳಿಗ್ಗೆ ಪ್ಯಾಂಟಿಗೆ ಕಾಲು ತೂರಿಸಿದವನು ಹಾಗೇ ಒಂಟಿಕಾಲಿನಲ್ಲಿ ಕೋಣೆತುಂಬ ಕುಣಿದೆ. ತೊಡೆಗೆ ಏನೋ ಚುಚ್ಚಿತ್ತು. ಚೇಳೇ ಸರಿ ಎಂದುಕೊಂಡು ಕೂಗಿದ ಕೂಗಿಗೆ ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು. ಪ್ಯಾಂಟನ್ನು ಒಳಹೊರಗು ಮಾಡಿ ಜಾಡಿಸಿದರೆ ಸಿಕ್ಕಿದ್ದು ಚೇಳಲ್ಲ, ಒಂದು ಹುಲ್ಲಿನ ಬೀಜ. ಸೂಜಿಯಂಥ ಮೂತಿ, ಹಿಂದೆ ತಿರುಚಿಕೊಂಡ ಉದ್ದನೆಯ ಬಾಲ. ಹೋದ ವರ್ಷ ಕುರುಗೋಡಿನ ಹೊಲದಲ್ಲಿ ಹತ್ತಿಕೊಂಡದ್ದು, ಅಷ್ಟು ಸಲ ಒಗೆಸಿಕೊಂಡರೂ ಹೊಲಿಗೆಯ ಸಂದಿನಲ್ಲಿ ಕೂತು ನನ್ನ ದಾರಿ ಕಾಯುತ್ತಿತ್ತು. ಜೀನ್ಸ್ ಹೊಲಿಸಿ ಮಾರುವುದೇ ನನ್ನ ಕಸುಬು. 'ಬಳ್ಳಾರಿ ಜೀನ್ಸ್ ಅಂದ್ರ ತಗಡು ಇದ್ದಂಗ, ಏನೂ ಒಳಗ ಹೋಗಂಗಿಲ್ಲ' ಎಂದು ಪರಊರಿನ ಗಿರಾಕಿಗಳ ಮುಂದೆ ಎದೆ ತಟ್ಟಿಕೊಂಡು ಹೇಳುವವನು. ಇನ್ನು ಮುಂದೆ ಆ ಮಾತನ್ನು ಸ್ವಲ್ಪ ಮೆಲ್ಲಗೆ ಹೇಳಬೇಕು.

"ಹುಲ್ಲಿಗೆ ಇಷ್ಟು ಒದರಿದ್ರಿ, ಇನ್ನು ಚೇಳು ಕಡದ್ರ ಓಣಿ ಮಂದೀನೆಲ್ಲ ಕೂಡಿಸ್ತೀರಿ ನೀವು" ಎಂದು ಹೆಂಡತಿ ಒಳಗೆ ಹೋದಳು.

ನಾನು ಆ ಪ್ಯಾಂಟು ಹಾಕಿಕೊಂಡದ್ದೇ ಆ ಹೊಲಕ್ಕೆ ಹೋಗಲಿಕ್ಕೆ. ನನ್ನ ಸೋದರತ್ತೆ, ಸುಭದ್ರತ್ತೆಯ ಹೊಲ ಅದು. ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿ ಪಾರ್ವತಿನಗರದ ಮನೆಯಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದಾಳೆ. ಕೂತಲ್ಲಿಂದಲೇ ನಿನ್ನೆ ಫೋನಿನಲ್ಲಿ ಅಪ್ಪಣೆ ಬಂತು.

"ಲೇ, ನಾಳಿ ನೀನು ಕುರುಗೋಡಿಗೆ ಹೋಗಬೇಕು. ಬೀಜ ಉದುರಿದ್ರ ಗೇಟ್ ತೆಗಿ. ಉದುರಿಲ್ಲ ಅಂದ್ರ ಖಾದರಸಾಬ ಎಷ್ಟು ಬಡಕೊಂಡ್ರೂ ತೆಗೀಬ್ಯಾಡ."

ಗೇಟು ತೆಗೆಯುವುದು ಯಾವ ದೊಡ್ಡ ಕೆಲಸ ಎನ್ನುತ್ತೀರಿ. ಆ ಗೇಟಿನ ಚರಿತ್ರೆ ಗೊತ್ತಿಲ್ಲದ ಎಲ್ಲರೂ ಹಾಗೇ ಅನ್ನುವುದು. ಇಷ್ಟು ವರ್ಷ ಆ ಹೊಲದಲ್ಲಿ ನಾನು ಡ್ರೈವರ್ ಆಗಿದ್ದೆ, ಕೂಲಿಯಾಗಿದ್ದೆ, ಬೈಸಿಕೊಳ್ಳುವವನಾಗಿದ್ದೆ, ತೀರ್ಮಾನ ಮಾಡುವವನಾಗಿರಲಿಲ್ಲ.

ಅತ್ತೆ ಯಾರೆಂದು ಮೊದಲು ಹೇಳಬೇಕು. ಬಳ್ಳಾರಿಯ ಒಂದು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಆಕೆ ಪಿ.ಟಿ. ಟೀಚರ್ ಆಗಿದ್ದವಳು. ಆಕೆ 'ಸಾವಧಾನ್' ಎಂದು ಕೂಗಿದರೆ ಮೈದಾನದ ಹುಡುಗಿಯರಷ್ಟೇ ಅಲ್ಲ, ಗೋಡೆಯಾಚೆ ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದವರೂ ಇಳಿದು ನಿಲ್ಲುತ್ತಿದ್ದರಂತೆ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದಾಳೆ. ನನಗೆ ಹೇಳಿದ್ದು: "ನೋಡಾಕ ಬಂದ ಗಂಡುಗಳಿಗೆ ಒಬ್ಬನಿಗೂ ನೆಟ್ಟಗ ನಿಂದ್ರಾಕ ಬರ್ತಿರಲಿಲ್ಲ." ಗಿಡ ಮರಗಳ ಬಗ್ಗೆ ಆಕೆಗೆ ಏನೇನೂ ಗೊತ್ತಿರಲಿಲ್ಲ. ಮನೆಯ ಮುಂದಿನ ತುಳಸಿಗೆ ನೀರು ಹಾಕುವುದನ್ನೂ ಕೆಲಸದವಳೇ ಜ್ಞಾಪಿಸಬೇಕಿತ್ತು. ಹೀಗಿದ್ದವಳು ಹೂ ಬೆಳೆಯಲು ಹೊರಟದ್ದು ಹೂವಿನ ಪ್ರೀತಿಯಿಂದಲ್ಲ, ನಮ್ಮಪ್ಪನ ಮೇಲಿನ ಸಿಟ್ಟಿನಿಂದ.

ಸಿರುಗುಪ್ಪದ ಹತ್ತಿರ ನಮ್ಮ ತಾತ ಬಿಟ್ಟುಹೋದ ಕಾಲುವೆ ಹೊಲಗಳಿದ್ದವು. ಒಳ್ಳೆಯ ಭತ್ತದ ಭೂಮಿ. ಅವಲ್ಲದೆ ಕುರುಗೋಡಿನ ಗುಡ್ಡದ ಬುಡದಲ್ಲಿ ಒಂದು ತುಂಡು, ತಾತ ಯಾರದೋ ಮಾತು ಕೇಳಿ ಕೊಂಡುಬಿಟ್ಟಿದ್ದು. ಮನೆಯವರೆಲ್ಲ ಅದನ್ನು ಕಲ್ಲುಹೊಲ ಅನ್ನುತ್ತಿದ್ದರು. ಪಾಲು ಮಾಡುವ ದಿನ ಭತ್ತದ ಹೊಲಗಳನ್ನು ಅಪ್ಪ, ಚಿಕ್ಕಪ್ಪ ಹಂಚಿಕೊಂಡರು. ಅತ್ತೆಯ ಸರದಿ ಬಂದಾಗ ಅಪ್ಪ ಹಿರಿಯರ ಮುಂದೆಯೇ ನಗುತ್ತ ಹೇಳಿದ: "ಸುಬ್ಬೀ, ನಿನಗ ಕುರುಗೋಡಿನ ಹೊಲ. ಒಬ್ಬಾಕಿ ಅದಿ, ನಿನಗ ಭತ್ತ ಯಾಕ? ಹೂ ಬೆಳಕೊಂಡು ಆರಾಮಾಗಿರು."

ಕೂತವರೆಲ್ಲ ನಕ್ಕರು. ನಾನೂ ನಕ್ಕೆ ಅನಿಸುತ್ತದೆ. ನಗುವವರ ಗುಂಪಿನಲ್ಲಿ ಕೂತಿದ್ದೆ. ಅತ್ತೆ ನಗಲಿಲ್ಲ, ಜಗಳವನ್ನೂ ಮಾಡಲಿಲ್ಲ. ರುಜು ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದಳು. "ಹೂವಾ ಬೆಳೀತೀನಿ ಅಣ್ಣಾ. ನೋಡಾಕ ಬರುವಂತಿ" ಅಂದಳು. ಆ ಹೊತ್ತಿಗೆ ಅವಳು ಆ ಹೊಲವನ್ನು ಕಣ್ಣಿಂದ ನೋಡಿರಲಿಲ್ಲ.

ಮರುದಿನ ನನ್ನ ಸ್ಕೂಟರಿನ ಹಿಂದೆ ಕೂತು, ಕೊಳಗಲ್ಲು ದಾಟಿ, ಕುರುಗೋಡಿನ ಗುಡ್ಡದ ಹತ್ತಿರ ಇಳಿದು ನೋಡಿದಳು. ಜಾಲಿ ಇಲ್ಲದ ಕಡೆ ಕಲ್ಲು, ಕಲ್ಲು ಇಲ್ಲದ ಕಡೆ ಜಾಲಿ. ಜಾಲಿ ಅಂದರೆ ಬಳ್ಳಾರಿ ಜಾಲಿ. ಇದರ ಬಗ್ಗೆ ಒಂದು ಮಾತು ಆಡದೆ ಮುಂದೆ ಹೋಗಲಾರೆ, ಕ್ಷಮಿಸಿ. ಈ ಗಿಡ ಬಳ್ಳಾರಿಯದಲ್ಲ. ಸಮುದ್ರದ ಆಚೆಯಿಂದ ಬಂದದ್ದು. ಬಂದು ಇಲ್ಲಿಯ ನೆಲ ನುಂಗಿತು, ನೀರು ನುಂಗಿತು, ಸಾಲದೆ ನಮ್ಮ ಊರಿನ ಹೆಸರನ್ನೂ ತನ್ನ ಹೆಸರಿನ ಮುಂದೆ ಹಾಕಿಕೊಂಡು ನಾಡೆಲ್ಲ ತಿರುಗಿತು. ನಾನು ಯಾವ ಊರಿಗೆ ವ್ಯಾಪಾರಕ್ಕೆ ಹೋಗಿ ಬಳ್ಳಾರಿಯವನು ಅಂದರೂ ಜನ ಮೊದಲು 'ಅಯ್ಯೋ ಬಿಸಿಲು' ಅನ್ನುತ್ತಾರೆ, ಆಮೇಲೆ 'ಅಯ್ಯೋ ಜಾಲಿ' ಅನ್ನುತ್ತಾರೆ. ಜೀನ್ಸ್ ಮೂರನೆಯ ಸ್ಥಾನದಲ್ಲಿದೆ.

ಇದ್ದಲಿ ಸುಡುವವರು ಕಟ್ಟಿಗೆಯ ಆಸೆಗೆ ಜಾಲಿ ಕಡಿಯಲು ಒಪ್ಪಿದರು. ಅವರು ಮೇಲೆ ಮೇಲೆ ಕಡಿದು ಬೊಡ್ಡೆ ಬಿಟ್ಟುಹೋಗುವ ಲೆಕ್ಕದಲ್ಲಿದ್ದರು. ಬಿಟ್ಟರೆ ಮುಂದಿನ ಮಳೆಗೆ ಅದು ಮತ್ತೆ ಇಮ್ಮಡಿಯಾಗಿ ಏಳುತ್ತದೆ. ಅತ್ತೆ ಬೇರು ಸಮೇತ ಕೀಳಿಸಿದಳು. ಮುಳ್ಳಿನ ಕಾಟಕ್ಕೆ ನನ್ನ ಹೊಲಿಗೆ ಯೂನಿಟ್ಟಿನಿಂದ ಒಂದು ರಿಜೆಕ್ಟ್ ಜೀನ್ಸ್ ತಂದುಕೊಟ್ಟೆ, ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ. ಅದರ ಮೇಲೆ ಸೀರೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಅತ್ತೆ ಹೊಲದ ನಡುವೆ ನಿಂತು ಕೂಗುತ್ತಿದ್ದರೆ ಕುರುಗೋಡಿನ ಜನ ಬೇರೆ ಕೆಲಸ ಬಿಟ್ಟು ಬಂದು ನೋಡುತ್ತಿದ್ದರು. ಆ ಹೊಲಕ್ಕೆ ಹೂ ಬರುವ ಮೊದಲೇ ನೋಡುವವರು ಬಂದಿದ್ದರು ಎಂದು ನಾನು ಹೇಳುವುದು ಇದಕ್ಕೇ.

ನೆಲ ಖಾಲಿಯಾದ ಮೇಲೆ ಅತ್ತೆ ನರ್ಸರಿಯಿಂದ ಗುಲಾಬಿ, ಕನಕಾಂಬರ, ಚೆಂಡು ಹೂವಿನ ಸಸಿ ತರಿಸಿ ಡ್ರಿಲ್ಲಿಗೆ ನಿಲ್ಲಿಸಿದ ಹಾಗೆ ಸಾಲು ಸಾಲಾಗಿ ನೆಡಿಸಿದಳು. ಬೇಸಿಗೆ ಬಂತು. ಬಳ್ಳಾರಿಯ ಬೇಸಿಗೆಯನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ. ಕಾದ ಕಲ್ಲಿನ ನಡುವೆ ಆ ಗುಲಾಬಿಗಳು ಬಾಡಿದವು ಅನ್ನುವುದಕ್ಕಿಂತ ಹುರಿದವು ಅನ್ನಬೇಕು. ಟ್ಯಾಂಕರಿನ ನೀರು ಕಲ್ಲಿನ ಸಂದಿಯಲ್ಲಿ ಇಳಿದು ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ. ಕೊನೆಯ ಸಸಿಯೂ ಸತ್ತ ದಿನ ಅತ್ತೆ ಸ್ಕೂಟರ್ ಹತ್ತಿದಳು. ಆಮೇಲೆ ಕುರುಗೋಡಿನ ಹೆಸರನ್ನೇ ಎತ್ತಲಿಲ್ಲ. ಅಪ್ಪ ಸಿರುಗುಪ್ಪದಿಂದ ಫೋನು ಮಾಡಿ "ಏನಂತಾವ ಹೂವು?" ಎಂದು ಕೇಳಿದರೆ "ಬಿಸಲಿಗೆ ಮಲಗ್ಯಾವ" ಅನ್ನುತ್ತಿದ್ದಳು.

ಮಳೆ ಬಿದ್ದು ಕೆಲವು ವಾರ ಕಳೆದ ಮೇಲೆ, ಅಲ್ಲಿ ಬಿಟ್ಟುಬಂದಿದ್ದ ಪೈಪುಗಳನ್ನಾದರೂ ತರೋಣವೆಂದು ಇಬ್ಬರೂ ಹೋದೆವು. ಸ್ಕೂಟರ್ ನಿಲ್ಲಿಸಿ ನೋಡಿದರೆ ಹೊಲ ನಮ್ಮದೋ ಅಲ್ಲವೋ ಎಂದು ಅನುಮಾನವಾಯಿತು. ಕಲ್ಲುಗಳ ಸಂದಿಯಲ್ಲೆಲ್ಲ ತಂಗಡಿಯ ಅರಿಶಿನ ಬಣ್ಣದ ಹೂಗೊಂಚಲು. ಅದರ ಕೆಳಗೆ ಬಿಳಿ ತುಂಬೆ, ನೇರಳೆ ಬಣ್ಣದ ಕಾಡೆಳ್ಳು, ನೆಲಕ್ಕೆ ಅಂಟಿಕೊಂಡು ನೀಲಿ ವಿಷ್ಣುಕ್ರಾಂತಿ. ಒಂದು ಬಂಡೆಯನ್ನು ಹಿಡಿದು ಗೌರಿ ಹೂವಿನ ಬಳ್ಳಿ ಹತ್ತಿತ್ತು, ಕೆಂಪು ಹಳದಿ ಎಸಳುಗಳನ್ನು ಬೆಂಕಿಯ ಹಾಗೆ ಮೇಲೆತ್ತಿಕೊಂಡು. ಜಾಲಿಯ ಕತ್ತಲೆಯ ಅಡಿಯಲ್ಲಿ ಎಷ್ಟು ವರ್ಷದಿಂದ ಕಾದಿದ್ದವೋ ಆ ಬೀಜಗಳು.

ಅತ್ತೆ ಮೊದಲು ಸುತ್ತ ನೋಡಿದಳು, ಇದನ್ನೆಲ್ಲ ಯಾರೋ ಕದ್ದು ನೆಟ್ಟು ಓಡಿಹೋಗಿದ್ದಾರೆ ಅನ್ನುವ ಹಾಗೆ. ಆಮೇಲೆ ಸೊಂಟದ ಮೇಲೆ ಕೈಯಿಟ್ಟಳು.

"ಹೆಂಗ ಬೆಳದೀನಿ ನೋಡು."

"ನೀ ಯಾವಾಗ ಹಾಕಿದಿ ಅತ್ತಿ?"

"ಜಾಲಿ ಕಿತ್ತಾಕಿ ಯಾರು?"

"ನೀನು."

"ಅಂದಮ್ಯಾಲ ಹೂ ಯಾರದು?"

ನಾನು ಪೈಪು ಸುತ್ತಲು ಹೋದೆ.

ಹೂವುಗಳ ಹೆಸರಿನ ವಿಷಯದಲ್ಲಿ ನಾವಿಬ್ಬರೂ ಸಮಾನ ದಡ್ಡರು. ನಾನು ಫೋನಿನಲ್ಲಿ ಫೋಟೊ ಹಿಡಿದು ಹುಡುಕುತ್ತಿದ್ದೆ. ಫೋನನ್ನು ಸ್ವಲ್ಪ ಓರೆ ಮಾಡಿದರೆ ಅದು ಬೇರೆ ಹೆಸರು ಹೇಳುತ್ತಿತ್ತು. ಒಮ್ಮೆ ಅತ್ತೆಯ ಟವೆಲ್ಲನ್ನೂ ಯಾವುದೋ ಹೂವೆಂದು ಗುರುತಿಸಿತು. ಅತ್ತೆಗೆ ಆ ಕಷ್ಟವಿರಲಿಲ್ಲ. ಹೆಸರು ಗೊತ್ತಿಲ್ಲದ ಹೂವಿಗೆ ತನ್ನ ಹಳೆಯ ವಿದ್ಯಾರ್ಥಿನಿಯರ ಹೆಸರಿಟ್ಟಳು. ತಲೆ ತಗ್ಗಿಸಿ ನಿಂತದ್ದು ಸರೋಜ, ಬೇಡವೆಂದಲ್ಲಿ ಬರುವುದು ಫಾತಿಮಾ, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವ ಸೋಮಾರಿ ಒಂದಕ್ಕೆ ಹೆಡ್‌ಮಿಸ್ಟ್ರೆಸ್.

ಸುದ್ದಿ ಸಿರುಗುಪ್ಪಕ್ಕೂ ಮುಟ್ಟಿತು. ಅಪ್ಪ ಬರಲಿಲ್ಲ. 'ನಾಟಿ ಕೆಲಸ ಐತಿ' ಅಂದ. ಬದಲಿಗೆ ಬೇಸಿಗೆಯಲ್ಲಿ ಒಂದು ಟ್ರ್ಯಾಕ್ಟರ್ ತುಂಬ ತಿಪ್ಪೆಗೊಬ್ಬರ ಕಳಿಸಿದ. ಅದು ಗೇಲಿಯೋ ಪಶ್ಚಾತ್ತಾಪವೋ ಯಾರಿಗೂ ತಿಳಿಯಲಿಲ್ಲ. ಅತ್ತೆ ಮಾತ್ರ ಅದನ್ನು ಗೆಲುವಿನ ಪದಕದ ಹಾಗೆ ಸ್ವೀಕರಿಸಿ ಇಡೀ ಹೊಲಕ್ಕೆ ಹರವಿಸಿದಳು. ಅಷ್ಟಕ್ಕೇ ನಿಲ್ಲದೆ ದನ ಕುರಿ ನುಗ್ಗದಂತೆ ಸುತ್ತ ತಂತಿಯ ಬೇಲಿ ಹಾಕಿಸಿ, ಕಬ್ಬಿಣದ ಗೇಟು ಕೂರಿಸಿ, 'ಒಳಗೆ ಬರಬಾರದು' ಎಂದು ಬೋರ್ಡು ತೂಗಿಸಿ, ಬೀಗ ಹಾಕಿದಳು. ಪಾರ್ವತಿನಗರದ ಮನೆಯ ಮುಂದಿನ ಮಣ್ಣಿನ ಪಟ್ಟಿಯಲ್ಲೂ ಸೆರಗಿನಲ್ಲಿ ತಂದ ಬೀಜ ಎರಚಿದಳು. ಅಲ್ಲಿ ಮೊಳೆತದ್ದನ್ನು ಬೀದಿ ಗುಡಿಸುವವರು ಪಾಪ ಒಳ್ಳೆಯ ಮನಸ್ಸಿನಿಂದಲೇ ಕಿತ್ತುಹಾಕಿದರು. ಅತ್ತೆ 'ಇದು ಕಸವಲ್ಲ' ಎಂದು ಬೋರ್ಡು ನೆಟ್ಟಳು. ಯಾರೋ ಅದರ ಕೆಳಗೆ ಸೀಮೆಸುಣ್ಣದಲ್ಲಿ 'ಮತ್ತೇನು?' ಎಂದು ಬರೆದರು. ಅಕ್ಷರ ನನ್ನ ಹೆಂಡತಿಯದರ ಹಾಗೆ ಕಾಣುತ್ತಿತ್ತು.

ಮುಂದಿನ ಮಳೆಗಾಲಕ್ಕೆ ಅತ್ತೆ ಹಳೆಯ ವಿದ್ಯಾರ್ಥಿನಿಯರನ್ನೆಲ್ಲ ಹೂ ನೋಡಲು ಕರೆದಳು. ಅವರು ರೇಷ್ಮೆ ಸೀರೆ ಉಟ್ಟು, ಮಕ್ಕಳನ್ನು ಕಟ್ಟಿಕೊಂಡು ಬಂದರು. ಹೊಲದಲ್ಲಿ ಹುಲ್ಲಿತ್ತು. ಎದೆಮಟ್ಟ ಹುಲ್ಲು, ಗೊಬ್ಬರ ತಿಂದು ಕೊಬ್ಬಿ ಗೋಡೆಯ ಹಾಗೆ ನಿಂತಿತ್ತು. ಹೂ ಎಂಬುದು ಹೆಸರಿಗೂ ಇರಲಿಲ್ಲ. ಒಳಗೆ ಹೋಗಿ ಹುಡುಕಿದವರ ಸೀರೆಗಳಿಗೆ ಈ ಸೂಜಿಯಂಥ ಬೀಜಗಳು ನೂರಾರು ಚುಚ್ಚಿಕೊಂಡವು. ಎಲ್ಲರೂ ಗೇಟಿನ ಹೊರಗೆ ಸಾಲಾಗಿ ನಿಂತು ಒಬ್ಬರ ಸೀರೆಯಿಂದ ಒಬ್ಬರು ಬೀಜ ಕೀಳುತ್ತಿದ್ದರು. ಅದರಲ್ಲೊಬ್ಬಳು ಮೆಲ್ಲಗೆ, "ಮಿಸ್, ಹೂವು ರಜಾ ಮ್ಯಾಲ ಅದಾವೇನ್ರಿ?" ಅಂದಳು. ಹಿಂದಿನ ಕಾಲವಾಗಿದ್ದರೆ ಅತ್ತೆ ಅವಳನ್ನು ಮೈದಾನ ಸುತ್ತಿಸುತ್ತಿದ್ದಳು. ಅವತ್ತು ಗೇಟಿಗೆ ಬೀಗ ಜಡಿದಳು, ಅಷ್ಟೇ.

ಆ ಸಿಟ್ಟು ಇಳಿಯುವ ಮೊದಲೇ ಖಾದರಸಾಬರ ಕುರಿಗಳು ಬಂದವು.

ಖಾದರಸಾಬರು ಕುರುಗೋಡಿನ ಕುರಿ ವ್ಯಾಪಾರಿ. ಎತ್ತರದ ಆಳು, ಅದಕ್ಕಿಂತ ಎತ್ತರದ ಗಂಟಲು. ತಮ್ಮ ಕುರಿಗಳಿಗೆ ಕನ್ನಡ, ತೆಲುಗು, ಉರ್ದು ಮೂರೂ ಬರುತ್ತವೆ ಎಂದು ಸಂತೆಯಲ್ಲಿ ಹೇಳಿಕೊಂಡು ತಿರುಗುವವರು. ಬೇಸಿಗೆ ಶುರುವಾಗುತ್ತಿದ್ದ ಒಂದು ದಿನ ನಾವು ಹೋಗುವ ಹೊತ್ತಿಗೆ ಬೇಲಿಯ ಒಂದು ಕಂಬ ಯಾವುದೋ ಟ್ರ್ಯಾಕ್ಟರ್ ತಾಗಿ ಮಲಗಿತ್ತು. ಅಲ್ಲಿಂದ ನುಗ್ಗಿದ ಕುರಿಗಳು ಅರ್ಧ ಹೊಲವನ್ನು ಬೋಳಿಸಿ, ಉಳಿದರ್ಧಕ್ಕೆ ಬಾಯಿ ಹಾಕುವುದರಲ್ಲಿದ್ದವು. ಖಾದರಸಾಬರು ಆಚೆ ಬೇವಿನ ಮರದ ಕೆಳಗೆ ಗೊರಕೆ ಹೊಡೆಯುತ್ತಿದ್ದರು. ಅತ್ತೆ ಕೂಗಿದ ಕೂಗಿಗೆ ಕುರಿಗಳು ನಿಂತವು, ಖಾದರಸಾಬರು ಎದ್ದರು, ನಾನು ಓಡಿಹೋಗಿ ಅಡ್ಡ ನಿಲ್ಲಲು ಹೋಗಿ ಮೂತಿ ಅಡಿಯಾಗಿ ಬಿದ್ದೆ. ನಾನು ಬಿದ್ದ ಜಾಗದಿಂದ ಮುಂದಕ್ಕೆ ಒಂದು ಕುರಿಯೂ ಹೋಗಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಅತ್ತೆ ಅಷ್ಟೂ ಕುರಿಗಳನ್ನು ಹೊಡೆದುಕೊಂಡು ಪೊಲೀಸ್ ಠಾಣೆಗೆ ನಡೆದಳು. ಹಿಂದೆ ಖಾದರಸಾಬರು, ಅವರ ಹಿಂದೆ ಮೂಗು ಒರೆಸಿಕೊಳ್ಳುತ್ತ ನಾನು.

"ಅಮ್ಮಾ, ಕುರಿ ಮ್ಯಾಲ ಯಾವ ಸೆಕ್ಷನ್ ಹಾಕ್ಲಿ ನೀವಾ ಹೇಳ್ರಿ" ಎಂದು ಅಲ್ಲಿದ್ದ ಪೇದೆ ಕೈ ಮುಗಿದ.

"ಬೇಲಿ ಬಿದ್ದಿತ್ತು ಸಾಹೇಬ್ರೇ" ಎಂದರು ಖಾದರಸಾಬರು. "ಕುರಿಗೆ ಏನು ಗೊತ್ತು? ಅವಕ್ಕೆ ಬೋರ್ಡ್ ಓದಾಕ ಬರಂಗಿಲ್ಲ."

"ಮೂರು ಭಾಷಿ ಬರ್ತಾವ ಅಂತ ಊರೆಲ್ಲ ಸಾರಿಕೊಂಡು ಬಂದಿಯಲ್ಲ?" ಎಂದಳು ಅತ್ತೆ.

"ತಿಳಿತಾವ ಟೀಚರಮ್ಮಾ, ಓದಾಕ ಬರಂಗಿಲ್ಲ ಅಂದೆ."

ಅಷ್ಟರಲ್ಲಿ ಕುರಿಗಳು ಠಾಣೆಯ ಮುಂದೆ ಸಾಲಾಗಿಟ್ಟಿದ್ದ ಹೂಕುಂಡಗಳನ್ನು ಮುಗಿಸಿದ್ದವು. ಅಲ್ಲಿಯವರೆಗೆ ನಿಷ್ಪಕ್ಷಪಾತಿಯಾಗಿದ್ದ ಪೇದೆ ಒಮ್ಮೆಲೇ ಅತ್ತೆಯ ಕಡೆಯಾದ. ಖಾದರಸಾಬರನ್ನು ನಾಲ್ಕು ಜನರ ಮುಂದೆ ಗದರಿಸಿದ. ಅವರ ಮುಖ ಕಪ್ಪಿಟ್ಟಿತು. "ಟೀಚರಮ್ಮಾ, ಕೇಳ್ರಿ. ಇನ್ನ ಮ್ಯಾಲ ನಿಮ್ಮ ಹೊಲದಾಗ ನಾ ಕಾಲಿಟ್ರ ನಮ್ಮಪ್ಪನ ಮಗ ಅಲ್ಲ. ಇದು ನನ್ನ ಆಣಿ" ಎಂದು ಕುರಿಗಳನ್ನು ಕರೆದುಕೊಂಡು ಹೋದರು. "ನಿನ್ನ ನೆರಳು ಬಿದ್ರೂ ಬಿಡಂಗಿಲ್ಲ" ಎಂದು ಅತ್ತೆ ಅವರ ಬೆನ್ನಿಗೆ ಕೂಗಿದಳು.

ಮತ್ತೆ ಮಳೆ ಬಂತು. ನಾವು ಹೆಚ್ಚಿನ ಆಸೆಯಿಲ್ಲದೆ ಹೋದೆವು. ಗೇಟಿನ ಬೀಗ ತೆಗೆದ ಅತ್ತೆ ಅಲ್ಲೇ ನಿಂತುಬಿಟ್ಟಳು. ಹೊಲ ಎರಡು ಪಾಲಾಗಿತ್ತು. ಒಂದು ಕಡೆ ಅದೇ ಹುಲ್ಲಿನ ಗೋಡೆ. ಇನ್ನೊಂದು ಕಡೆ ತಂಗಡಿ, ತುಂಬೆ, ಕಾಡೆಳ್ಳು, ಸರೋಜ, ಫಾತಿಮಾ, ಎಲ್ಲರೂ ವಾಪಸ್ ಬಂದಿದ್ದರು, ಮೊದಲ ವರ್ಷಕ್ಕಿಂತ ದಟ್ಟವಾಗಿ. ನಡುವಿನ ಗೆರೆ ನಾನು ಮೂತಿ ಅಡಿಯಾಗಿ ಬಿದ್ದ ಜಾಗದ ಮೇಲೆಯೇ ಹಾದುಹೋಗಿತ್ತು. ಕುರಿಗಳು ಒಣಹುಲ್ಲು ತಿಂದು ನೆಲಕ್ಕೆ ಬೆಳಕು ಬಿಟ್ಟಿದ್ದವು. ಗೊರಸಿನಿಂದ ತುಳಿದು ಬೀಜಗಳನ್ನು ಮಣ್ಣಿಗೆ ಒತ್ತಿದ್ದವು. ಇದನ್ನು ತಿಳಿಯಲು ಯಾವ ಪಂಡಿತನೂ ಬೇಕಾಗಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ನಾವು ಗೊಬ್ಬರ ಹಾಕಿ, ಬೇಲಿ ಹಾಕಿ, ಬೀಗ ಹಾಕಿ ಕಾಪಾಡಿದ್ದು ಹುಲ್ಲನ್ನು. ಹೂವನ್ನು ಉಳಿಸಿದ್ದು ನಾವು ಠಾಣೆಗೆ ಎಳೆದೊಯ್ದ ಆರೋಪಿಗಳು.

ಅತ್ತೆ ನನ್ನ ತೋಳು ಹಿಡಿದೆಳೆದಳು. "ಲೇ, ಇದನ್ನ ಯಾರ ಮುಂದೂ ಆಡಬ್ಯಾಡ."

ವಾಪಸ್ ಬರುವಾಗ ಕೊಳಗಲ್ಲಿನಲ್ಲಿ ಚಹಾಕ್ಕೆ ನಿಲ್ಲಿಸಿದೆ. ಅತ್ತೆ ಗ್ಲಾಸಿನಲ್ಲಿ ಕಣ್ಣಿಟ್ಟು ಕೂತಿದ್ದಳು. "ನನಗ ಮಂದಿನ್ನ ಹೊರಗ ಹಾಕಾಕಷ್ಟಾ ಬರ್ತೈತಿ ನೋಡು" ಅಂದಳು. "ಒಳಗ ಕರಿಯಾಕ ಬರಂಗಿಲ್ಲ." ಅವಳ ಬಾಯಿಂದ ಇಂಥ ಮಾತು ಕೇಳಿ ಅಭ್ಯಾಸವಿಲ್ಲದ ನಾನು ಗಾಬರಿಯಾಗಿ ಇನ್ನೊಂದು ಪ್ಲೇಟು ಮಿರ್ಚಿ ಹೇಳಿದೆ.

ಆ ಹೂವೆಲ್ಲ ಕಾಯಾಗಿ ಒಣಗುವವರೆಗೂ ಅತ್ತೆ ತನ್ನೊಳಗೇ ಕುಸ್ತಿ ಆಡಿದಳು. ಕೊನೆಗೆ ಒಂದು ಬೆಳಿಗ್ಗೆ ಬೇಕರಿಯ ಖಾರದ ಡಬ್ಬಿ ಹಿಡಿದು ನನ್ನನ್ನೂ ಕರೆದುಕೊಂಡು ಖಾದರಸಾಬರ ಮನೆಗೆ ಹೋದಳು. ಅವರ ಹೆಂಡತಿ ಖೈರುನ್‌ಬಿ ಚಾಪೆ ಹಾಸಿ ಕೂರಿಸಿದರು. ಖಾದರಸಾಬರು ಗೋಡೆಯ ಕಡೆ ಮುಖ ಮಾಡಿ ಕೂತರು.

"ಕುರಿ ಆರಾಮ ಅದಾವೇನು?" ಎಂದು ಅತ್ತೆ ಶುರು ಮಾಡಿದಳು.

"ಕೇಸು ಬಿದ್ದಾಗಿಂದ ಸ್ವಲ್ಪ ಸೊರಗ್ಯಾವ" ಎಂದಿತು ಗೋಡೆ.

ಅತ್ತೆ ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು. ನನಗೆ ತಡೆಯಲಾಗದೆ ನಡೆದದ್ದನ್ನೆಲ್ಲ ನಾನೇ ಹೇಳಿಬಿಟ್ಟೆ: ಅರ್ಧ ಹೊಲದ ಹೂ, ಅರ್ಧ ಹೊಲದ ಹುಲ್ಲು, ಉಳಿದರ್ಧವನ್ನೂ ಮೇಯಿಸಿಕೊಟ್ಟರೆ ದೊಡ್ಡ ಉಪಕಾರ ಎಂಬುದು. ಖಾದರಸಾಬರು ನಿಧಾನವಾಗಿ ಈ ಕಡೆ ತಿರುಗಿದರು. ಅವರ ಮೀಸೆಯ ಕೆಳಗೆ ನಗು ಕಂಡಿತು. ಅದನ್ನು ಅವರು ಬೇಗನೆ ನುಂಗಿಕೊಂಡರು.

"ನನ್ನ ಕುರಿ ಅಂದ್ರ ಏನು ಅಂತ ನನಗ ಮೊದಲಾ ಗೊತ್ತಿತ್ತು" ಎಂದರು. ಸುಳ್ಳು; ಅವರಿಗೂ ನಮ್ಮಷ್ಟೇ ಗೊತ್ತಿತ್ತು. "ಆದ್ರ ಆಣಿ ಹಾಕೀನಿ. ಆ ಹೊಲದಾಗ ಕಾಲಿಡಂಗಿಲ್ಲ."

ಒಳಗಿನಿಂದ ಚಹಾ ತರುತ್ತಿದ್ದ ಖೈರುನ್‌ಬಿ ಬಾಗಿಲಲ್ಲೇ ನಿಂತು ಕೇಳಿದರು: "ಆಣಿ ಹಾಕಿದಾವ ನೀನು. ಕುರಿ ಹಾಕ್ಯಾವೇನು?"

ಅಲ್ಲಿಂದ ಶುರುವಾದದ್ದು ಆ ಹೊಲದ ಈಗಿನ ಪದ್ಧತಿ. ಹೂ ಮುಗಿದು ಬೀಜ ಉದುರಿದ ಮೇಲೆ ಅತ್ತೆ ಗೇಟು ತೆಗೆಯುತ್ತಾಳೆ. ಕುರಿಗಳು ಒಳಗೆ ಹೋಗುತ್ತವೆ. ಖಾದರಸಾಬರು ಹೊರಗೆ ನಿಂತು ಬೇಲಿಯ ಮೇಲಿಂದ ಕೂಗುತ್ತಾರೆ, ಅತ್ತೆ ಒಳಗೆ ನಿಂತು ಕೂಗುತ್ತಾಳೆ. ನಡುವೆ ಕುರಿಗಳು ಯಾರ ಮಾತು ಕೇಳಬೇಕೆಂದು ತಿಳಿಯದೆ ಮೇಯುತ್ತವೆ. ಮೊದಲ ಮಳೆಯ ಹೊತ್ತಿಗೆ ಅವುಗಳನ್ನು ಹೊರಗೆ ಹಾಕಿ ಬೀಗ. ಮೊದಮೊದಲು ತಪ್ಪುಗಳೂ ಆದವು. ಒಂದು ವರ್ಷ ಖಾದರಸಾಬರ ಅವಸರಕ್ಕೆ ಬೇಗ ಬಿಟ್ಟು, ಕಾಡೆಳ್ಳಿನ ಕಾಯೆಲ್ಲ ಹಸಿಯಾಗಿಯೇ ಕುರಿಯ ಹೊಟ್ಟೆ ಸೇರಿತು. ಮರುವರ್ಷ ಒಂದು ನೇರಳೆ ಹೂ ಕಾಣಲಿಲ್ಲ. ಅಂದಿನಿಂದ ಯಾವಾಗ ಗೇಟು ತೆಗೆಯಬೇಕೆಂಬ ಮಾತಿಗೆ ಇಬ್ಬರಿಗೂ ವರ್ಷವರ್ಷವೂ ಜಗಳ. ಅಷ್ಟು ವರ್ಷ ಒಬ್ಬರೊಬ್ಬರ ಮುಖ ನೋಡಿ ದಿನಗಟ್ಟಲೆ ಮಾತಾಡಿದರೂ ಇಬ್ಬರ ನಡುವೆ ಆ ತಂತಿ ಇದ್ದೇ ಇತ್ತು. ಖೈರುನ್‌ಬಿ ಕಳಿಸಿದ ಊಟದ ಡಬ್ಬಿಯೂ ಬೇಲಿಯ ಮೇಲಿಂದಲೇ ಒಳಗೆ ಬರುತ್ತಿತ್ತು.

ಒಂದು ಶ್ರಾವಣದಲ್ಲಿ, ಹೂ ಪೂರಾ ಬಿಟ್ಟಿದ್ದ ಕಾಲದಲ್ಲಿ, ಅಪ್ಪ ಕೊನೆಗೂ ಬಂದ. ಬಿಳಿ ಪಂಚೆ ಉಟ್ಟುಕೊಂಡು ಹೊಲದ ನಡುವಿನವರೆಗೆ ನಡೆದು ಒಂದು ಕಲ್ಲಿನ ಮೇಲೆ ಕೂತ. ಅವನು ಹೂ ನೋಡಲು ಬಂದಿರಲಿಲ್ಲ.

"ಸುಬ್ಬೀ, ಕಾಲುವಿ ಕಡಿ ಹೊಲ ನಿನಗ ಬರದು ಕೊಡ್ತೀನಿ. ಇದನ್ನ ನನಗ ಕೊಡು."

ಅತ್ತೆಗೆ ಅದು ಪಾಲಿನ ದಿನವೇ ಸಿಗಬೇಕಿದ್ದ ಭೂಮಿ. ಅದು ಸಿಗಲಿಲ್ಲವೆಂಬ ಉರಿಗೇ ಇಷ್ಟೆಲ್ಲ ಮಾಡಿದ್ದು. ಬೇಲಿಯಾಚೆ, ಅವತ್ತು ಸುಮ್ಮನೆ ಆ ಕಡೆ ಬಂದಿದ್ದ ಖಾದರಸಾಬರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಇದನ್ನ ತಗೊಂಡು ಏನ್ ಮಾಡ್ತಿ ಅಣ್ಣಾ?"

"ಪ್ಲಾಟ್ ಹಾಕ್ತೀವಿ ಅಂತ ಕೇಳಾಕತ್ಯಾರ."

ಅತ್ತೆ ಅಪ್ಪನ ಕಾಲ ಬಳಿ ಕೂತಳು. ಅವನ ಪಂಚೆಯ ಅಂಚಿಗೆ ಚುಚ್ಚಿಕೊಂಡಿದ್ದ ಬೀಜಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ತಂಗಿ ತನ್ನ ಕಾಲ ಬಳಿ ಕೂತದ್ದನ್ನು ಅಪ್ಪ ಅವರ ಬಾಲ್ಯದ ನಂತರ ನೋಡಿರಲಾರ. ಅವನಿಗೆ ಮುಜುಗರವಾಗಿ ಪಂಚೆ ಎಳೆದುಕೊಂಡ. ಅವಳು ಬಿಡಲಿಲ್ಲ. ಅಂಚು ಪೂರ್ತಿ ಸ್ವಚ್ಛವಾದ ಮೇಲೆ ಎದ್ದು ನಿಂತಳು.

"ಬ್ಯಾಡ ಅಣ್ಣಾ. ಭತ್ತದ ಗದ್ದ್ಯಾಗ ಸೊಳ್ಳಿ ಭಾಳ."

ಅಪ್ಪ ಅವಳನ್ನೇ ನೋಡಿದ. ಆಮೇಲೆ ಸುತ್ತ ನೋಡಿದ, ಬಂದಾಗಿನಿಂದ ಮೊದಲ ಸಲ. "ಹೂ ಚಲೋ ಬಂದಾವ" ಅಂದ.

"ನೀ ಗೊಬ್ಬರ ಕಳಿಸದಿದ್ರ ಇನ್ನೂ ಚಲೋ ಬರ್ತಾವ" ಅಂದಳು ಅತ್ತೆ. ಬೇಲಿಯಾಚೆ ಎಲೆ ಅಡಿಕೆ ಮತ್ತೆ ಶುರುವಾಯಿತು. ಅಪ್ಪ ಈಗ ಪ್ರತಿ ಶ್ರಾವಣಕ್ಕೂ ಬರುತ್ತಾನೆ, ಪಂಚೆ ಬಿಟ್ಟು ನನ್ನ ಯೂನಿಟ್ಟಿನ ಜೀನ್ಸ್ ಹಾಕಿಕೊಂಡು. ಆ ವೇಷದಲ್ಲಿ ಅವನನ್ನು ನೋಡಿ ನಗದಿರುವುದೇ ನನ್ನ ಪಿತೃಭಕ್ತಿ.

ಹೀಗಾಗಿ ಇವತ್ತು ಗೇಟಿನ ಮುಂದೆ ನಿಂತಾಗ ನಾನು ಬೀಗದ ಕೈಯನ್ನು ಜೇಬಿನಿಂದ ತೆಗೆಯಲು ತಡಮಾಡಿದರೆ ನೀವು ನಗಬಾರದು. ಖಾದರಸಾಬರು ಕುರಿಗಳ ಸಮೇತ ಆಗಲೇ ಹಾಜರಿದ್ದರು. "ಉದುರ್ಯಾವ, ಎಲ್ಲ ಉದುರ್ಯಾವ, ತೆಗಿಯಪಾ" ಎಂದರು. ನಾನು ಅವರ ಮಾತು ನಂಬದೆ ಒಳಗೆ ಹೋಗಿ ಕಾಯಿ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಅಂಗೈಯಲ್ಲಿ ಉಜ್ಜಿದೆ. ಕಾಡೆಳ್ಳಿನ ಕಾಯಿಗಳು ಬಾಯಿ ಬಿಟ್ಟು ಖಾಲಿಯಾಗಿದ್ದವು. ತುಂಬೆ ಉದುರಿತ್ತು. ಗುಡ್ಡದ ಕಡೆಯ ಮೇಲಿನ ತುದಿಯಲ್ಲಿ ಮಾತ್ರ ಕಾಯಿ ಇನ್ನೂ ಹಸಿರಿತ್ತು. ಆ ತುದಿ ತಪ್ಪಿಸಿ ಮೇಯಿಸಿದರೆ ಆಯಿತು ಎಂದುಕೊಂಡು ಗೇಟು ತೆಗೆದೆ.

ಕುರಿಗಳು ಒಳಗೆ ನುಗ್ಗಿದವು. ನುಗ್ಗಿ ನೆಟ್ಟಗೆ ಆ ಹಸಿರಿನ ತುದಿಗೇ ಹೊರಟವು. ನಾನು ಅಡ್ಡ ಓಡಿದೆ. ಈ ಸಲ ಬೀಳಲಿಲ್ಲ, ಆದರೆ ಕುರಿಗಳೂ ನಿಲ್ಲಲಿಲ್ಲ. 'ಸಾವಧಾನ್' ಎಂದು ಕೂಗಿ ನೋಡಿದೆ. ಒಂದು ಮುದಿ ಟಗರು ತಿರುಗಿ ನೋಡಿ, ಕೂಗಿದವನು ನಾನೆಂದು ತಿಳಿದ ಮೇಲೆ ಮತ್ತೆ ಮುಂದೆ ನಡೆಯಿತು. ಖಾದರಸಾಬರು ಗೇಟಿನ ಹೊರಗೆ ಕುಣಿಯುತ್ತ ಮೂರೂ ಭಾಷೆಯಲ್ಲಿ ಕೂಗುತ್ತಿದ್ದರು. ಅವರಿಗೂ ವಯಸ್ಸಾಗಿದೆ, ಆ ಗಂಟಲು ಈಗ ಮೇಲಿನ ತುದಿಯವರೆಗೆ ಮುಟ್ಟುವುದಿಲ್ಲ. ನಾನು ಅತ್ತೆಗೆ ವಿಡಿಯೊ ಕಾಲ್ ಮಾಡಿದೆ. ತೆರೆಯ ಮೇಲೆ ಅರ್ಧ ಅತ್ತೆ, ಅರ್ಧ ಸೀಲಿಂಗ್ ಫ್ಯಾನ್ ಕಂಡವು. ಒಂದೇ ನೋಟಕ್ಕೆ ಅವಳಿಗೆ ಎಲ್ಲ ತಿಳಿಯಿತು.

"ಆತ ಯಾಕ ಹೊರಗ ನಿಂತಾನ?"

"ಆಣಿ ಐತಲ್ಲ ಅತ್ತಿ" ಅಂದೆ.

ಫ್ಯಾನು ತಿರುಗಿತು. ಆಮೇಲೆ, "ಫೋನ್ ಆ ಕಡಿ ಹಿಡಿ" ಅಂದಳು. ಹಿಡಿದೆ.

"ಖಾದರಣ್ಣಾ" ಎಂದಳು. ಇಷ್ಟು ವರ್ಷದಲ್ಲಿ ಅವಳು ಅವರನ್ನು ಅಣ್ಣ ಎಂದದ್ದು ನಾನು ಕೇಳಿರಲಿಲ್ಲ. "ಒಳಗ ಬರ್ರಿ. ನನಗ ಕಾಲಿಲ್ಲ, ಇವನಿಗೆ ಗಂಟಲಿಲ್ಲ."

"ನನ್ನ ಆಣಿ ಟೀಚರಮ್ಮಾ?"

"ಠಾಣಿ ತನಕ ಎಳದು ಆಣಿ ಹಾಕಿಸಿದಾಕಿ ನಾನು. ನಾನಾ ತೆಗದೀನಿ. ಬರ್ರಿ ಒಳಗ."

ಖಾದರಸಾಬರು ಗೇಟಿನ ಕಂಬ ಹಿಡಿದುಕೊಂಡು ಒಂದು ಕಾಲು ಎತ್ತಿ ಒಳಗಿಟ್ಟರು, ಆಮೇಲೆ ಇನ್ನೊಂದು. ನಾಲ್ಕು ಹೆಜ್ಜೆ ನಡೆದು ನಾಲಿಗೆಯಿಂದ ಟಕಟಕ ಸದ್ದು ಮಾಡಿದರು, ಅಷ್ಟೇ. ಮೇಲಿನ ತುದಿಯ ಕುರಿಗಳೆಲ್ಲ ತಲೆಯೆತ್ತಿ, ತಿರುಗಿ, ಇಳಿದುಬಂದು ಅವರ ಸುತ್ತ ನಿಂತವು. ಖಾದರಸಾಬರು ಹೆಮ್ಮೆಯಿಂದ ನನ್ನ ಕಡೆ ನೋಡಿ ಇನ್ನೊಂದು ಹೆಜ್ಜೆ ಇಟ್ಟರು. ನೆಗ್ಗಿಲ ಮುಳ್ಳಿನ ಮೇಲೆ ಬಿತ್ತು. ಚಪ್ಪಲಿಯನ್ನೂ ದಾಟಿ ಹೋಗಿರಬೇಕು. ಅವರು ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಫೋನಿನೊಳಗಿನಿಂದ ಅತ್ತೆ ಕಾಲಿನ ಹೊಲಿಗೆ ಬಿಚ್ಚುವ ಹಾಗೆ ನಕ್ಕಳು.

"ನಗ್ತೀರಿ? ನೀವು ಬೆಳಿಸಿದ್ದಾ ಇದು?" ಎಂದು ಖಾದರಸಾಬರು ನನ್ನ ಕೈಯಿಂದ ಫೋನು ಕಿತ್ತುಕೊಂಡರು.

"ಇದೊಂದ ಅಲ್ಲ. ಆ ಬಂಡೆಗಲ್ಲಿನ ಹಿಂದ ಹೋಗಿ ನೋಡ್ರಿ, ಅಲ್ಲಿ ಗೌರಿ ಹೂವಿನ ಗಡ್ಡಿ ಅದಾವ. ಎಡಕ್ಕ. ನಿಮ್ಮ ಎಡಕ್ಕ, ನನ್ನ ಎಡಕ್ಕ ಅಲ್ಲ."

"ಇಲ್ಲೇನ್ರಿ?"

"ಇನ್ನ ಸ್ವಲ್ಪ ಮುಂದ. ಫೋನ್ ಕೆಳಗ ಹಿಡೀರಿ, ನನಗೂ ಕಾಣ್ಲಿ."

ಖಾದರಸಾಬರು ಕುಂಟುತ್ತ ಬಂಡೆಯ ಹಿಂದೆ ಹೋದರು. ಫೋನನ್ನು ನೆಲದ ಹತ್ತಿರ ಹಿಡಿದು ಒಂದೊಂದು ಕಲ್ಲಿನ ಸಂದಿಯನ್ನೂ ತೋರಿಸುತ್ತ, ಬೈಸಿಕೊಳ್ಳುತ್ತ, ತಿರುಗಿ ಬೈಯುತ್ತ ಹೊಲವನ್ನೆಲ್ಲ ಸುತ್ತತೊಡಗಿದರು. ಕುರಿಗಳು ಅವರ ಹಿಂದೆ ಸಾಲಾಗಿ ನಡೆದವು. ನಾನು ಒಂದು ಕಲ್ಲಿನ ಮೇಲೆ ಕೂತು ಕಾದೆ. ಯೂನಿಟ್ಟಿನಲ್ಲಿ ಗಿರಾಕಿಗಳು ಬಂದು ಕಾಯುತ್ತಿದ್ದಿರಬೇಕು, ಹೆಂಡತಿ ಫೋನು ಮಾಡುತ್ತಿದ್ದಿರಬೇಕು. ನನ್ನ ಫೋನು ನನ್ನ ಕೈಗೆ ವಾಪಸ್ ಬರುವಷ್ಟರಲ್ಲಿ ಬಿಸಿಲು ಗುಡ್ಡದ ಆ ಕಡೆಗೆ ಇಳಿದಿತ್ತು.